ಓದುಗರ ಪ್ರಶ್ನೆ: ಕವಿತೆ ಮತ್ತೆ ಹತ್ತಿರವಾಗಲು

ಪ್ರಶ್ನೆ: ಶಾಲೆಯಲ್ಲಿದ್ದಾಗ ಪದ್ಯವೆಂದರೆ ಪ್ರಾಣ. ಈಗ ಸಂಕಲನ ಹಿಡಿದರೆ ಹದಿನೈದು ಪುಟ ದಾಟುವಷ್ಟರಲ್ಲಿ ಒಂದೂ ನೆನಪಿರುವುದಿಲ್ಲ. ಅಭಿರುಚಿಯೇ ಹೋಯಿತೇ?

ಉತ್ತರ: ಹೋಗಿಲ್ಲ. ನೀವು ಓದುತ್ತಿರುವುದು ಕಾದಂಬರಿಯ ವೇಗದಲ್ಲಿ. ಬಿಡುವಿಲ್ಲದೆ ಓದಿದರೆ ಹಿಂದಿನ ಕವಿತೆಯ ಲಯವನ್ನು ಮುಂದಿನದು ಅಳಿಸುತ್ತದೆ. ದಿನಕ್ಕೆ ಒಂದು, ಹೆಚ್ಚೆಂದರೆ ಎರಡು ಸಾಕು. ಮೊದಲ ಪುಟದಿಂದಲೇ ಶುರುಮಾಡಬೇಕೆಂಬ ಕಟ್ಟಳೆಯೂ ಇಲ್ಲ. ಇಪ್ಪತ್ತು ಸಾಲಿನೊಳಗಿನ ಒಂದನ್ನು ಆರಿಸಿಕೊಳ್ಳಿ. ಮುನ್ನುಡಿ ಕೊನೆಗಿರಲಿ. ಮೊದಲೇ ಓದಿದರೆ ಮುನ್ನುಡಿಕಾರರಿಗೆ ಕಂಡದ್ದಷ್ಟೇ ನಿಮಗೂ ಕಾಣುತ್ತದೆ.

ಆರಿಸಿದ್ದನ್ನು ಮೂರು ಸಲ ಓದಿ. ಮೊದಲ ಸಲ ಗಟ್ಟಿಯಾಗಿ, ಅರ್ಥದ ಗೊಡವೆಗೆ ಹೋಗದೆ. ಎರಡನೆಯ ಸಲ ಮನಸ್ಸಿನಲ್ಲೇ: ಯಾರು ಯಾರಿಗೆ ಹೇಳುತ್ತಿದ್ದಾರೆ, ಕ್ರಿಯಾಪದ ಎಲ್ಲಿದೆ? ಪದ್ಯದಲ್ಲಿ ಪದಗಳು ಹಿಂದುಮುಂದಾಗುವುದರಿಂದ ಕರ್ತೃವನ್ನೂ ಕ್ರಿಯಾಪದವನ್ನೂ ಜೋಡಿಸಿಕೊಂಡರೆ ಅರ್ಧ ತೊಡಕು ಬಿಡಿಸಿದಂತೆಯೇ. ನಿಘಂಟು ತೆಗೆಯುವುದೂ ಆಗಲೇ. ಮೂರನೆಯ ಸಲ ಮತ್ತೆ ಗಟ್ಟಿಯಾಗಿ. ವಾಕ್ಯ ಸಾಲಿನ ಕೊನೆಗೇ ಮುಗಿದಿದ್ದರೆ ಪೂರ್ತಿ ನಿಲ್ಲಿ. ಮುಂದಿನ ಸಾಲಿಗೆ ಹರಿದಿದ್ದರೆ ಅರೆಕ್ಷಣ ತಡೆದು, ದನಿ ಇಳಿಸದೆ ಮುಂದುವರಿಯಿರಿ. ಪ್ರತಿ ಸಾಲಿನ ಕೊನೆಗೂ ದನಿ ಇಳಿಸುವ ಶಾಲೆಯ ರಾಗದಿಂದ ಎಷ್ಟೋ ಒಳ್ಳೆಯ ಕವಿತೆಗಳು ಸಪ್ಪೆಯಾಗಿವೆ.

ಇಷ್ಟಾದರೂ ಹಿಡಿಸದಿದ್ದರೆ ಬಿಟ್ಟುಬಿಡಿ. ಎಲ್ಲ ಕವಿತೆಯೂ ಎಲ್ಲರಿಗೂ ಒಗ್ಗಬೇಕಿಲ್ಲ.

ಪ್ರಶ್ನೆ: ಆರು ಸಾಲಿನ ಷಟ್ಪದಿ ಪದ್ಯಗಳನ್ನು ಓದುವ ಆಸೆಯಿದೆ. ಛಂದಸ್ಸು ಕಲಿಯಲೇಬೇಕೇ?

ಉತ್ತರ: ಮಾತ್ರೆ, ಅಂದರೆ ಅಕ್ಷರ ನುಡಿಯಲು ಹಿಡಿಯುವ ಕಾಲದ ಅಳತೆ, ಎಣಿಸಲು ಬಂದರೆ ಸಾಕು. ಹ್ರಸ್ವಾಕ್ಷರ ಲಘು, ಒಂದು ಮಾತ್ರೆ. ದೀರ್ಘಾಕ್ಷರ, ಒತ್ತಕ್ಷರದ ಹಿಂದಿನ ಅಕ್ಷರ, ಅನುಸ್ವಾರ-ವಿಸರ್ಗವಿರುವ ಅಕ್ಷರ ಇವೆಲ್ಲ ಗುರು, ಎರಡು ಮಾತ್ರೆ. ಕುಮಾರವ್ಯಾಸ ಬಳಸಿದ ಭಾಮಿನಿ ಷಟ್ಪದಿಯಲ್ಲಿ 1, 2, 4, 5ನೆಯ ಸಾಲುಗಳು 3-4-3-4ರ ನಡೆಯವು, ಒಟ್ಟು 14 ಮಾತ್ರೆ. ತೋರಿಸಲೆಂದೇ ಕಟ್ಟಿದ ಎರಡು ಸಾಲು ಇಲ್ಲಿವೆ:

ಮುಗಿಲು | ಸರಿಯಲು | ಬಿಸಿಲು | ಮೆಲ್ಲನೆ
ಜಗದ | ಬಾಗಿಲ | ತಟ್ಟಿ | ನಿಂತಿತು

‘ಮೆಲ್ಲನೆ’ಯಲ್ಲಿ ‘ಮೆ’ ಒತ್ತಕ್ಷರದ ಹಿಂದಿರುವುದರಿಂದ ಗುರು, 2+1+1, ನಾಲ್ಕಾಯಿತು. ಎರಡೂ ಸಾಲಿನ ಎರಡನೆಯ ಅಕ್ಷರದಲ್ಲಿ ಗಕಾರವಿದೆ, ಅದೇ ಆದಿಪ್ರಾಸ. 3 ಮತ್ತು 6ನೆಯ ಸಾಲಿನಲ್ಲಿ 3-4ರ ಜೋಡಿ ಮೂರು ಸಲ ಬಂದು, ಕೊನೆಗೊಂದು ಗುರು ಸೇರಿ 23 ಮಾತ್ರೆಯಾಗುತ್ತದೆ. ಉಸಿರು ತೆಗೆದುಕೊಳ್ಳುವ ಜಾಗ ಆ ಗುರುವೇ.

ಹೊಸಬರು ಎಡವುವುದು ಗಣದ, ಅಂದರೆ ಮೂರು ಅಥವಾ ನಾಲ್ಕು ಮಾತ್ರೆಯ ಗುಂಪಿನ, ಗಡಿ ಪದದ ನಡುವೆ ಬಿದ್ದಾಗ. ಅಲ್ಲಿ ಪದವನ್ನು ತುಂಡರಿಸಬೇಡಿ. ನಡೆಯನ್ನು ಬೆರಳು ಎಣಿಸಲಿ, ಬಾಯಿ ಪದವನ್ನು ಇಡಿಯಾಗಿಯೇ ಹೇಳಲಿ. ಮೊದಲ ನಾಲ್ಕೈದು ಪದ್ಯಗಳಿಗೆ ಬೆರಳು ಬೇಕು, ಆಮೇಲೆ ಕಿವಿಯೇ ಹಿಡಿದುಕೊಳ್ಳುತ್ತದೆ. ಅರ್ಥಕ್ಕೆ ಗದ್ಯಾನುವಾದವಿರುವ ಆವೃತ್ತಿ ಹಿಡಿಯಿರಿ, ಆದರೆ ಪದ್ಯ ಓದಿದ ಮೇಲೆಯೇ ಗದ್ಯ.

ಪ್ರಶ್ನೆ: ಮೊಬೈಲಿನಲ್ಲಿ ನವ್ಯ ಕವಿತೆ ಓದಿದರೆ ಗದ್ಯದಂತೆಯೇ ಅನಿಸುತ್ತದೆ. ಏಕೆ?

ಉತ್ತರ: ಪರದೆ ಕಿರಿದು. ಉದ್ದ ಸಾಲು ಅದಾಗಿಯೇ ಮುರಿದು ಕೆಳಗಿಳಿಯುವುದರಿಂದ ಕವಿ ಮುರಿದದ್ದು ಯಾವುದು, ಫೋನು ಮುರಿದದ್ದು ಯಾವುದು ಎಂದು ತಿಳಿಯುವುದಿಲ್ಲ. ಪ್ರಾಸವಾಗಲಿ ಮಾತ್ರೆಯಾಗಲಿ ಇಲ್ಲದ ಕಡೆ ಲಯಕ್ಕೆ ಆಧಾರವೇ ಆ ಸಾಲುಮುರಿತ. ಫೋನನ್ನು ಅಡ್ಡ ಹಿಡಿಯಿರಿ, ಅಕ್ಷರದ ಗಾತ್ರ ತಗ್ಗಿಸಿ. ಅದಕ್ಕೂ ಜಗ್ಗದಿದ್ದರೆ ಅಚ್ಚಾದ ಪುಸ್ತಕ ನೋಡಿಕೊಂಡು ಕೈಯಲ್ಲಿ ನಕಲು ಮಾಡಿ. ಸಾಲು ಅಲ್ಲೇ ಏಕೆ ನಿಂತಿತು ಎಂಬುದು ಬರೆಯುವಾಗ ಹೊಳೆಯುತ್ತದೆ.