‘ಇದು ಜೂಜಲ್ಲ ಮೇಡಂ, ಫಿಸಿಕ್ಸು’: ಒಂದು ಆಪ್ತಸಲಹೆ ಪ್ರಕರಣ

ಹುಡುಗನ ಒಪ್ಪಿಗೆ ತಗೊಂಡೇ ಬರಿತಿದೀನಿ, ಗುರುತು ಸಿಗೋ ವಿವರ ಎಲ್ಲಾ ಬದಲಾಯಿಸಿದೀನಿ. ಸತೀಶ ಅಂತ ಇಟ್ಕೊಳ್ಳಿ. ಇಪ್ಪತ್ತೇಳು ವರ್ಷ, ದಾವಣಗೆರೆ ವಿದ್ಯಾನಗರದ ಕಡೆ ಪಿಯು ಮಕ್ಕಳಿಗೆ ಫಿಸಿಕ್ಸ್ ಟ್ಯೂಷನ್ ಹೇಳ್ತಾನೆ. ಅಪ್ಪ ಮಂಡಕ್ಕಿ ಭಟ್ಟಿಲಿ ಕೆಲಸ ಮಾಡಿ ಮಾಡಿ ಈಗ ದಮ್ಮು ಬಂದು ಮನೇಲಿದಾರೆ, ತಂಗಿಗೆ ಗಂಡು ನೋಡ್ತಿದಾರೆ.

ಕರ್ಕೊಂಡು ಬಂದಿದ್ದು ಅವರವ್ವ. ಕೂತ ತಕ್ಷಣ "ಮೇಡಂ, ಇವ್ನಿಗೆ ಜೂಜಿನ ಹುಚ್ಚು ಹಿಡ್ದೈತ್ರಿ, ತಂಗಿ ಮದುವಿಗೆ ಇಟ್ಟಿದ್ದ ದುಡ್ಡು ಮುಗಿಸ್ಯಾನೆ" ಅಂದ್ರು. ಅವನು ತಲೆ ಎತ್ತದೇನೇ "ಅವ್ವ, ಅದು ಜೂಜಲ್ಲ ಅಂತ ಎಷ್ಟು ಸಲ ಹೇಳ್ಲಿ" ಅಂದ. ಹೋಗಿದ್ದು ಒಟ್ಟು 3 ಲಕ್ಷ 40 ಸಾವಿರ, ಅದ್ರಲ್ಲಿ ಲೋನ್ ಆ್ಯಪ್ ಸಾಲಾನೂ ಇತ್ತು. ಆಟ ರೂಲೆಟ್, ಫೋನಲ್ಲಿ. ನಂಬರ್ ಬರೆದ ಮನೆಗಳಿರೋ ಚಕ್ರ ತಿರುಗಿಸಿ, ಬಾಲ್ ಸುತ್ತಿಸಿ, ಅದು ಯಾವ ಮನೇಲಿ ನಿಲ್ಲುತ್ತೆ ಅಂತ ದುಡ್ಡು ಕಟ್ಟೋದು.

ಅವ್ವನ್ನ ಹೊರಗೆ ಕೂರಿಸಿ "ಜೂಜಲ್ಲ ಅಂದ್ರೆ ಏನು ಅಂತ ನಂಗೆ ಪಾಠ ಮಾಡಪ್ಪ" ಅಂದೆ. ಮುಖಾನೇ ಬದಲಾಯ್ತು. ಬಾಲ್ ಮೇಲಿನ ಅಂಚಲ್ಲಿ ಜೋರಾಗಿ ಸುತ್ತುವಾಗ ಗೋಡೆಗೆ ಒತ್ಕೊಂಡಿರುತ್ತೆ, ಉಜ್ಜಾಟಕ್ಕೆ ಗಾಳಿಗೆ ವೇಗ ಕಮ್ಮಿ ಆಗ್ತಾ ಬಂದು ಒಂದು ವೇಗಕ್ಕಿಂತ ಕೆಳಗಿಳಿದ್ರೆ ಇಳಿಜಾರಲ್ಲಿ ಜಾರುತ್ತೆ, ಆ ವೇಗ ಹೆಚ್ಚೂಕಮ್ಮಿ ಪ್ರತಿ ಸಲ ಒಂದೇ, ಹಂಗಾಗಿ ಒಂದೆರಡು ಸುತ್ತಿಗೆ ಎಷ್ಟು ಸೆಕೆಂಡ್ ಅಂತ ಅಳೆದ್ರೆ ಎಲ್ಲಿ ಜಾರುತ್ತೆ ಅಂತ ಲೆಕ್ಕ ಹಾಕ್ಬಹುದು, ಕೆಳಗಿನ ಚಕ್ರ ಉಲ್ಟಾ ತಿರುಗ್ತಿರುತ್ತೆ ಆದ್ರೆ ಅದು ನಿಧಾನ ಆಗೋದು ತುಂಬಾ ಕಮ್ಮಿ ಅಂತ ಒಂದೇ ಉಸಿರಲ್ಲಿ ಹೇಳಿದ. 1961ರಲ್ಲಿ ಎಡ್ವರ್ಡ್ ಥಾರ್ಪ್, ಕ್ಲಾಡ್ ಶಾನನ್ ಅನ್ನೋ ಅಮೆರಿಕದ ಗಣಿತಜ್ಞರಿಬ್ರೂ ಇದೇ ಲೆಕ್ಕಕ್ಕೆ ಮೈಮೇಲೆ ಕಟ್ಕೊಳ್ಳೋ ಕಂಪ್ಯೂಟರ್ ಮಾಡಿ, ಶೂ ಒಳಗೆ ಕಾಲ್ಬೆರಳಲ್ಲಿ ಸ್ವಿಚ್ ಒತ್ತಿ, ಲಾಸ್ ವೇಗಸ್‌ನ ಜೂಜಿನ ಕ್ಯಾಸಿನೋಲಿ ಟ್ರೈ ಮಾಡಿದ್ದನ್ನ ಹೇಳುವಾಗ ಅವನ ಕಣ್ಣು ನೋಡ್ಬೇಕಿತ್ತು. ಇದೆಲ್ಲಾ ನಿಜ. 2012ರಲ್ಲಿ ಮೈಕೆಲ್ ಸ್ಮಾಲ್, ಚೀ ಕಾಂಗ್ ತ್ಸೆ ಅನ್ನೋರು ಸಂಶೋಧನಾ ಲೇಖನದಲ್ಲೇ ತೋರಿಸಿದಾರೆ, ಬಾಲ್ ಸುತ್ತೋದನ್ನ ಸರಿಯಾಗಿ ಅಳೆದ್ರೆ ಆಟಗಾರನ ಕಡೆಗೇ ಲಾಭ ವಾಲಬಹುದು ಅಂತ.

ಇಲ್ಲಿ ನಾನು ಒಂದು ನಿರ್ಧಾರ ಮಾಡಿದೆ. ಮನೇಲಿ ಎಲ್ರೂ ಅವನಿಗೆ "ಅದೆಲ್ಲಾ ಸುಳ್ಳು, ಅದೃಷ್ಟದಾಟ" ಅಂತಿದ್ರು, ಅವನಿಗೆ ಅದು ಸುಳ್ಳಲ್ಲ ಅಂತ ಗೊತ್ತು, ಹಂಗಾಗಿ ಅವರ ಉಳಿದ ಮಾತೂ ಕಿವಿಗೆ ಹೋಗ್ತಿರ್ಲಿಲ್ಲ. ನಾನು ಅವನ ಫಿಸಿಕ್ಸ್ ಜೊತೆ ಜಗಳ ಆಡಲ್ಲ, ಅದನ್ನೇ ಪೂರ್ತಿ ನೋಡಣ ಅಂದ್ಕೊಂಡೆ.

ಮುಂದಿನ ವಾರ ಮನೆಯಿಂದ ಸ್ಟೀಲ್ ಪರಾತ, ಒಂದು ಗೋಲಿ ತಂದ. ನೆಲದ ಮೇಲಿಟ್ಟು ಅಂಚಿಗೆ ಗೋಲಿ ಸುತ್ತಿಸಿದ, ಝಣ್ ಅಂತ ಸುತ್ತಿ ಸುತ್ತಿ ಗೋಲಿ ಬಾಗಿಲ ಕಡೆಯಿಂದ ಇಳೀತು, ಇನ್ನೊಂದ್ ಸಲ ಬಿಟ್ಟ, ಮತ್ತೆ ಬಾಗಿಲ ಕಡೆಯಿಂದಾನೇ. ಮೂರನೇ ಸಲಕ್ಕೆ ಅವನೇ ನಕ್ಕು "ಮೇಡಂ, ನಿಮ್ಮ ನೆಲ ವಾಟ ಐತ್ರಿ" ಅಂತ ಪೇಪರ್ ಮಡಚಿ ಪರಾತದ ಕೆಳಗಿಟ್ಟ. ರೂಲೆಟ್ ಚಕ್ರಾನೂ ಹಂಗೇ, ಒಂಚೂರು ವಾಲಿದ್ರೆ ಬಾಲ್ ಒಂದೇ ಕಡೆಯಿಂದ ಇಳಿಯೋ ಚಾನ್ಸ್ ಜಾಸ್ತಿ, ಇದನ್ನ ಹಿಡಿಯೋರು ನಿಜವಾಗ್ಲೂ ಇದ್ರು. ಆಮೇಲೆ, ನಿಜವಾದ ಚಕ್ರದಲ್ಲಿ ಬಾಲ್ ಬಡಿದು ಎಗರೋ ಉಬ್ಬುಗಳ ಥರ, ನಡುವೆ ಒಂದೈದಾರು ಬಾಟ್ಲಿ ಮುಚ್ಚಳ ಅಂಟಿಸಿದ್ವಿ. ಗೋಲಿ ಎಲ್ಲಿಂದ ಇಳಿಯುತ್ತೆ ಅಂತ ಹೆಚ್ಚೂಕಮ್ಮಿ ಸರಿ ಹೇಳ್ತಿದ್ದ, ಆದ್ರೆ ಮುಚ್ಚಳಕ್ಕೆ ಬಡಿದು ಎಲ್ಲಿ ನಿಲ್ಲುತ್ತೆ ಅನ್ನೋದು ಒಂದ್ಸಲ ಇಲ್ಲಿ, ಒಂದ್ಸಲ ಅಲ್ಲಿ. ಅಷ್ಟೊತ್ತು ಸುಮ್ನಿದ್ದು "ಥಾರ್ಪ್ ಅವರೂ ಒಂದೇ ನಂಬರ್ ಹೇಳ್ತಿರ್ಲಿಲ್ಲ, ಚಕ್ರದ ಎಂಟನೇ ಒಂದು ಭಾಗ ಹೇಳ್ತಿದ್ರು" ಅಂದ.

"ನೀನು?" ಅಂದೆ. ನೋಟ್‌ಬುಕ್ ತೆಗೆದ.

ಚಂದ ಅಕ್ಷರ, ಕಾಲಂ ಹಾಕಿ ಟೈಮ್ ಬರೆದಿದ್ದ. ಎಷ್ಟು ಸಲ ನಂಬರ್ ಬಿತ್ತು ಅಂದ್ರೆ "ಎಂಟತ್ತು ಸಲ" ಅಂದ. ಇಬ್ರೂ ಕೂತು ಎಣಿಸಿದ್ವಿ. 185 ಬೆಟ್, ತಲಾ 500 ರೂಪಾಯಿ, ಬಿದ್ದಿದ್ದು 4 ಸಲ. ಸೊನ್ನೆ ಸೇರಿ 37 ಮನೆ ಇರೋ ಚಕ್ರದಲ್ಲಿ ಕಣ್ಣು ಮುಚ್ಕೊಂಡು ಹಾಕಿದ್ರೂ ಸರಾಸರಿ 5 ಸಲ ಬೀಳ್ಬೇಕು. ಗೆದ್ರೆ ಹಾಕಿದ್ದೂ ಸೇರಿ 36 ಪಟ್ಟು, ಅಂದ್ರೆ 92,500 ಹಾಕಿ 72,000 ವಾಪಸ್. 17ಕ್ಕೆ ಹಾಕಿದಾಗ 25 ಬಂದಿದ್ರೆ, 34 ಬಂದಿದ್ರೆ ಸ್ಟಾರ್ ಹಾಕಿ "ಪಕ್ಕ" ಅಂತ ಬರೆದಿದ್ದ, ಚಕ್ರದಲ್ಲಿ ಅವು 17ರ ಅಕ್ಕಪಕ್ಕದ ಮನೆ. ಆ ಸ್ಟಾರ್‌ಗಳೇ ಅವನ ನೆನಪಲ್ಲಿ ಗೆಲುವಾಗಿ ಕೂತಿದ್ದು. ಇದನ್ನ ನಾನು ಹೇಳ್ಲಿಲ್ಲ, ಸ್ಟಾರ್ ಎಣಿಸ್ತಾ ಎಣಿಸ್ತಾ ಅವನಿಗೇ ಗೊತ್ತಾಯ್ತು, ಪೆನ್ನು ಕೆಳಗಿಟ್ಟ.

ಫೋನಲ್ಲಿ ಆಡ್ತಿದ್ದ ಲೈವ್ ಟೇಬಲ್‌ನಲ್ಲಿ, ಅಂದ್ರೆ ಬೇರೆಲ್ಲೋ ಇರೋ ನಿಜವಾದ ಚಕ್ರ ತೋರಿಸೋ ಕಡೆ, ವಿಡಿಯೋನೇ ತಡವಾಗಿ ಬರ್ತಿತ್ತು, ಬಾಲ್ ನಿಧಾನ ಆಗೋಷ್ಟರಲ್ಲಿ ಬೆಟ್ ಕ್ಲೋಸ್, ಅಳೆಯೋಕೆ ಟೈಮೇ ಇಲ್ಲ. ಇನ್ನು ಕೊನೇ ನಾಲ್ಕು ತಿಂಗಳು ಆಡಿದ್ದು ಬರೀ ಗ್ರಾಫಿಕ್ಸ್ ಚಕ್ರ. ಅಲ್ಲಿ ಬಾಲೇ ಇಲ್ಲ, ಸಾಫ್ಟ್‌ವೇರ್ ಒಂದು ನಂಬರ್ ತೆಗಿಯುತ್ತೆ, ಚಿತ್ರ ಆಮೇಲೆ ಸುತ್ತುತ್ತೆ. ನಾನು ಕೇಳಿದ್ದು ಒಂದೇ ಪ್ರಶ್ನೆ, "ಬಾಲ್ ಇಲ್ಲದ ಕಡೆ ನಿನ್ನ ಉಜ್ಜಾಟದ ಲೆಕ್ಕ ಯಾವುದಕ್ಕೆ ಹಾಕಿದೆ?"

ತುಂಬಾ ಹೊತ್ತಾದ ಮೇಲೆ "ಅಲ್ಲಿ ಲೆಕ್ಕ ಹಾಕಿಲ್ರಿ ಮೇಡಂ, ಅಲ್ಲಿ ಬರೀ ಡಬಲ್ ಮಾಡ್ತಿದ್ದೆ" ಅಂದ. ಸೋತಷ್ಟೂ ಎರಡು ಪಟ್ಟು, ಕೆಂಪಿಗೇ. ಚಕ್ರದಲ್ಲಿ ಹೆಚ್ಚೂಕಮ್ಮಿ ಅರ್ಧ ಮನೆ ಕೆಂಪು, ಬಂದ್ರೆ ಹಾಕಿದಷ್ಟೇ ಲಾಭ. ನೂರರಿಂದ ಶುರು ಮಾಡಿ ಸತತ ಹತ್ತು ಸಲ ಸೋತ್ರೆ 1,02,300 ಹೋಗಿರುತ್ತೆ, ಮುಂದಿನ ಬೆಟ್ 1,02,400, ಅದೂ ಗೆದ್ರೆ ಸಿಗೋದು ನೂರು ರೂಪಾಯಿ ಲಾಭ. ಒಂದು ರಾತ್ರಿ ಹಂಗೇ ಆಗಿತ್ತು, ಎಂಟನೇ ಸೋಲಿಗೆ ದುಡ್ಡು ಮುಗ್ದು ಲೋನ್ ಆ್ಯಪ್ ಹಾಕ್ಕೊಂಡಿದ್ದ. ಆ ರಾತ್ರಿ ಬಗ್ಗೆ ಯಾರಿಗೂ ಹೇಳಿರ್ಲಿಲ್ಲ.

ಸಾಯೋ ಯೋಚನೆ ಬಂದಿತ್ತಾ ಅಂತ ನೇರವಾಗೇ ಕೇಳಿದೆ, ಕೇಳಲೇಬೇಕು. ಕುಂದವಾಡ ಕೆರೆ ಹತ್ರ ಎರಡು ಸಲ ಹೋಗಿ ಕೂತು ಬಂದಿದ್ದ. ಅವತ್ತೇ ಅವ್ವನ್ನ ಒಳಗೆ ಕರೆದು, ಅವನ ಬಾಯಿಂದಾನೇ ಹೇಳಿಸಿ, ಮನೋವೈದ್ಯರ ಹತ್ರ ಕಳಿಸಿದೆ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿಮಾನಸ್ 14416 ಅವನ, ಮನೆಯವರ ಫೋನಲ್ಲಿ ಸೇವ್ ಮಾಡಿಸಿದೆ, ರಾತ್ರಿನೂ ಮಾತಾಡ್ತಾರೆ, ಫ್ರೀ.

ಉಳಿದ ಸಲಹೆ ಹೀಗಿತ್ತು. ಸಾಲ ಎಲ್ಲಾ ಒಂದೇ ಹಾಳೆಲಿ ಬರೀಬೇಕು, ಮುಚ್ಚಿಟ್ಟ ಒಂದು ಸಾಲ ಇದ್ರೂ ಅದನ್ನ ತೀರ್ಸೋಕೆ ಮತ್ತೆ ಆಟಕ್ಕೆ ಹೋಗ್ತಾನೆ. ಅವರ ಮಾವ ಪೂರ್ತಿ ದುಡ್ಡು ಒಂದೇ ಸಲ ಕಟ್ಟಿಬಿಡ್ತೀನಿ ಅಂದ್ರು, ಪಾಪ ಒಳ್ಳೆ ಮನಸ್ಸು, ಬೇಡ ಅಂದೆ, ಅವನ ಸಂಪಾದನೇಲಿ ಕಂತು ಕಂತಾಗಿ ಹೋಗ್ಲಿ ಅಂತ. ಟ್ಯೂಷನ್ ಫೀಸು ತಂಗಿ ಅಕೌಂಟಿಗೆ, ಅವನ ಯುಪಿಐ ಲಿಮಿಟ್ ದಿನಕ್ಕೆ ಐನೂರು. ರಾತ್ರಿ ಹತ್ತಕ್ಕೆ ಫೋನ್ ಅಡುಗೆಮನೇಲಿ ಚಾರ್ಜಿಗೆ. ಆಡ್ಬೇಕು ಅನ್ನಿಸಿದ್ರೆ ಅರ್ಧ ಗಂಟೆ ತಡಿ, ಆ ಅಲೆ ಏರಿದಂಗೇ ಇಳಿಯುತ್ತೆ, ಅಷ್ಟೊತ್ತು ತಂಗಿ ಜೊತೆ ಕೂತ್ಕೊ. 2025ರ ಆಗಸ್ಟಲ್ಲಿ ಬಂದ ಕಾನೂನು ಪ್ರಕಾರ ದುಡ್ಡಿನ ಆನ್‌ಲೈನ್ ಆಟ ನಡೆಸೋದೇ ನಿಷೇಧ, ಆದ್ರೂ ಲಿಂಕ್ ಬರುತ್ತೆ, ಬಂದ್ರೆ ತೆರೀದೇನೇ ಡಿಲೀಟ್ ಮಾಡಿ ತಂಗಿಗೆ ಹೇಳು. ಮನೆಯವರಿಗೆ ಹೇಳಿದ್ದು ಒಂದೇ, ಊಟಕ್ಕೆ ಕೂತಾಗ ಆ ದುಡ್ಡಿನ ಮಾತು ತೆಗಿಬೇಡ್ರಿ.

ಐದನೇ ತಿಂಗಳಲ್ಲಿ ಒಂದ್ಸಲ ಜಾರಿದ, 400 ರೂಪಾಯಿ. ಅದೇ ರಾತ್ರಿ ಅವ್ವನ್ನ ಎಬ್ಬಿಸಿ ಹೇಳಿದ್ನಂತೆ. ಅವರು ಬೈದಿಲ್ಲ, ಚಹಾ ಮಾಡಿಕೊಟ್ರಂತೆ, ಬೆಳಿಗ್ಗೆ ನಂಗೆ ಫೋನ್ ಮಾಡಿದ್ರು. ಪರಾತ ಈಗ ಟ್ಯೂಷನ್ ರೂಮಲ್ಲಿದೆ, ವೃತ್ತಾಕಾರದ ಚಲನೆ ಪಾಠಕ್ಕೆ. ಮನೇಲಿ ಹಿಟ್ಟು ಕಲ್ಸೋಕೆ ಬೇರೆ ತಂದಿದಾರೆ.