ಪ್ರತಿಕ್ರಿಯೆ: ಮಗನ ಹೃದಯದ ರಕ್ತನಾಳದಲ್ಲಿ 9 ಮಿ.ಮೀ. ಉಬ್ಬು, ಈಗಲೇ ಬೈಪಾಸ್ ಬೇಕಾ?

ಮೂರನೇ ವಯಸ್ಸಲ್ಲಿ ವಾರವಾದರೂ ಬಿಡದ ಜ್ವರ, ಕೆಂಪು ಕಣ್ಣು, ಆಮೇಲೆ ಬೆರಳ ತುದಿಯ ಚರ್ಮ ಸುಲಿದದ್ದು ಅಂತ ಬರೆದಿದ್ದೀರಲ್ಲ, ಬಹುತೇಕ ಅದು ಕವಾಸಕಿ ಕಾಯಿಲೆ, ಅಂದ್ರೆ ಚಿಕ್ಕ ಮಕ್ಕಳ ರಕ್ತನಾಳಗಳಲ್ಲಿ ಉರಿಯೂತ ತರೋ ಕಾಯಿಲೆ. ಉಬ್ಬು ಅದರದ್ದೇ ಉಳಿಕೆ. ರಿಪೋರ್ಟ್ ನೋಡದೆ ಖಚಿತವಾಗಿ ಹೇಳಲಾರೆ. ನಮ್ಮಕ್ಕನ ಮಗನಿಗೂ ಹೀಗೇ ಆಗಿತ್ತು.

ಒಡೆದುಹೋಗುತ್ತೆ ಅನ್ನೋ ಭಯ ಬಿಡಿ, ಅದು ತೀರಾ ಅಪರೂಪ. ನಿಜವಾದ ಅಪಾಯ ಒಳಗೆ ರಕ್ತ ಹೆಪ್ಪುಗಟ್ಟೋದು, ಉಬ್ಬಿನ ತುದಿಗಳಲ್ಲಿ ನಾಳ ಕಿರಿದಾಗೋದು. 8 ಮಿ.ಮೀ. ಮುಟ್ಟಿದರೆ ದೈತ್ಯ ಉಬ್ಬು ಅಂತಲೇ ಲೆಕ್ಕ. ಆಸ್ಪಿರಿನ್ ಜೊತೆ ವಾರ್ಫರಿನ್ (ರಕ್ತ ಹೆಪ್ಪುಗಟ್ಟದಂತೆ ತಡೆಯೋ ಔಷಧಿ) ಕೊಟ್ಟಿರೋದು ಅದಕ್ಕೇ. ಐಎನ್‌ಆರ್ ಪರೀಕ್ಷೆ (ರಕ್ತ ಹೆಪ್ಪುಗಟ್ಟೋಕೆ ಎಷ್ಟು ಹೊತ್ತು ಹಿಡಿಯುತ್ತೆ ಅಂತ ನೋಡೋದು) ತಪ್ಪಿಸಬೇಡಿ, ಸಾಮಾನ್ಯವಾಗಿ 2ರಿಂದ 3ರೊಳಗೆ ಇರಬೇಕು. ಜ್ವರ ಬಂತು ಅಂತ ಐಬುಪ್ರೊಫೇನ್ ಕೊಡಬೇಡಿ, ಆಸ್ಪಿರಿನ್ ಕೆಲಸ ಕೆಡಿಸುತ್ತೆ.

ಆಮೇಲೆ ಡಾಕ್ಟರನ್ನ ಕೇಳಿ: ಹೃದಯಕ್ಕೆ ಶ್ರಮ ಕೊಟ್ಟು ನೋಡೋ ಸ್ಟ್ರೆಸ್ ಟೆಸ್ಟ್‌ನಲ್ಲಿ ಹೃದಯದ ಸ್ನಾಯುಗೆ ರಕ್ತ ಕಮ್ಮಿ ಬೀಳ್ತಿದೆಯಾ? ಇಲ್ಲ ಅಂದ್ರೆ ಸಾಮಾನ್ಯವಾಗಿ ಬೈಪಾಸ್‌ಗೆ ಆತುರ ಇಲ್ಲ. ಮೂಲ ನಾಳದಲ್ಲೇ ರಕ್ತ ಧಾರಾಳ ಹರೀತಿದ್ರೆ ಬೈಪಾಸ್‌ನಲ್ಲಿ ಬದಲಿ ದಾರಿಯಾಗಿ ಹೊಸದಾಗಿ ಜೋಡಿಸಿದ ನಾಳ ಸೊರಗಿ ಮುಚ್ಚಿಕೊಳ್ಳುತ್ತೆ. ಹೌದು ಅಂದ್ರೆ, ಬೈಪಾಸ್‌ಗೆ ಎದೆಗೂಡಿನ ಒಳಗಿನ ಅಪಧಮನಿಯನ್ನೇ ಬಳಸ್ತೀರಾ ಅಂತ ವಿಚಾರಿಸಿ. ಕಾಲಿನ ಸಿರೆಗಿಂತ ಬಾಳಿಕೆ ಜಾಸ್ತಿ, ಮಗು ಬೆಳೆದಂತೆ ಅದೂ ಬೆಳೆಯುತ್ತೆ. ಉಬ್ಬನ್ನ ಎಲ್ಲರಿಗೂ ಕತ್ತರಿಸಿ ತೆಗೆಯಲ್ಲ. ಎಷ್ಟೋ ಸಲ ಹಾಗೇ ಬಿಡ್ತಾರೆ; ವಿಪರೀತ ದೊಡ್ಡದಿದ್ರೆ ಎರಡೂ ಕಡೆ ಕಟ್ಟಿ ಬೈಪಾಸ್ ಮಾಡ್ತಾರೆ. ನಿಮ್ಮ ಮಗನಿಗೆ ಯಾವುದು ಅನ್ನೋದು ಆಂಜಿಯೋಗ್ರಾಮ್ ನೋಡಿದ ಮಕ್ಕಳ ಹೃದಯ ಸರ್ಜನ್‌ಗೇ ಗೊತ್ತು.

ಎದೆನೋವು, ತಣ್ಣನೆ ಬೆವರು, ಮೂರ್ಛೆ ಕಂಡರೆ ಕಾಯಬೇಡಿ, ನೇರ ಎಮರ್ಜೆನ್ಸಿಗೆ ಹೋಗಿ. ಔಷಧಿ ಚೀಟಿ ಕೈಯಲ್ಲಿರಲಿ.