ಗೋಲ್‌ಕೀಪರ್ ಆಗಿದ್ದವನು ಒಳ್ಳೆಯ ಕೋಚ್ ಆಗಬಹುದಾ?

ಮಗನಿಗೆ ಹದಿನಾರು, ಕಾಲೇಜು ಫುಟ್‌ಬಾಲ್ ತಂಡದ ಕೀಪರ್, ಆಡೋಷ್ಟು ದಿನ ಆಡಿ ಆಮೇಲೆ ಕೋಚ್ ಆಗ್ತೀನಿ ಅನ್ನುತ್ತಾನೆ, ಕೀಪರ್‌ಗಳಿಗೆ ಅದು ಒಗ್ಗುತ್ತಾ ಅಂತ ಕೇಳಿದ್ದೀರಿ. ಒಗ್ಗುತ್ತೆ. ಆದರೆ ಕೀಪರ್‌ಗೆ ಅಂಟಿದ ಒಂದು ಚಾಳಿ ಬಿಡಬೇಕು. ಅದನ್ನು ಬಿಡೋಕೆ ನನಗೆ ಎರಡು ವರ್ಷ ಹಿಡಿಯಿತು.

ನಾನು ಚಿಕ್ಕಮಗಳೂರಿನವನು. ಬೆಂಗಳೂರಿನಲ್ಲಿ ಒಂದು ಇಲಾಖೆಯ ತಂಡದಲ್ಲಿ ಒಂಬತ್ತು ವರ್ಷ ಇದ್ದೆ. ಆಡಿದ್ದಕ್ಕಿಂತ ಬೆಂಚು ಕಾದಿದ್ದೇ ಜಾಸ್ತಿ. ಫಾರ್ವರ್ಡ್ ಆದರೆ ಕೊನೆಯ ಹತ್ತು ನಿಮಿಷವಾದರೂ ಒಳಗೆ ಬಿಡುತ್ತಾರೆ. ಎರಡನೇ ಕೀಪರ್‌ಗೆ ಅವಕಾಶ ಸಿಗಬೇಕಾದರೆ ಮೊದಲನೆಯವನಿಗೆ ಪೆಟ್ಟಾಗಬೇಕು. ಹಾಗಾಗಲಿ ಅಂತ ಬಯಸೋ ಹಾಗಿಲ್ಲ, ಬಯಸದೆ ಇರೋಕೂ ಆಗಲ್ಲ! ಆದರೆ ನಾನು ಆಟ ಕಲಿತಿದ್ದು ಆ ಬೆಂಚಿನ ಮೇಲೇ. 2004ರಲ್ಲಿ ಪೋರ್ಚುಗಲ್‌ನ ಪೋರ್ಟೊ ಕ್ಲಬ್ ಯುರೋಪಿನ ಕ್ಲಬ್‌ಗಳ ದೊಡ್ಡ ಟೂರ್ನಿ ಚಾಂಪಿಯನ್ಸ್ ಲೀಗ್ ಗೆದ್ದಾಗ ನುನೊ ಎಸ್ಪಿರಿಟೊ ಸಾಂಟೊ ಆ ತಂಡದ ಎರಡನೇ ಕೀಪರ್. ಮುಂದೆ ಇಂಗ್ಲೆಂಡಿನ ವುಲ್ವ್ಸ್ ತಂಡಕ್ಕೆ ಕೋಚ್ ಆಗಿ ಒಳ್ಳೆ ಹೆಸರು ಮಾಡಿದರು.

ಊರಿಗೆ ಬಂದು ಹುಡುಗರಿಗೆ ಕಲಿಸಲು ಶುರು ಮಾಡಿದೆನಲ್ಲ, ಆಗ ಗೊತ್ತಾಯಿತು ನನ್ನ ಚಾಳಿ. ಗೋಲು 7.32 ಮೀಟರ್ ಅಗಲ, 2.44 ಮೀಟರ್ ಎತ್ತರ. ಅಷ್ಟು ದೊಡ್ಡ ಬಾಗಿಲನ್ನು ವರ್ಷಗಟ್ಟಲೆ ಬೆನ್ನಿಗಿಟ್ಟುಕೊಂಡವನಿಗೆ ಆಟ ಅಂದರೆ ಕಾವಲು ಅಷ್ಟೇ. ನಾನು ಇಡೀ ತಂಡವನ್ನೇ ಕೀಪರ್ ಮಾಡಿಬಿಟ್ಟಿದ್ದೆ. ಹತ್ತು ಜನ ಹಿಂದೆ, ಚೆಂಡು ಸಿಕ್ಕಿದರೆ ಹೊರಗೆ ಒದಿ. 0-0, 0-1, ಮತ್ತೆ 0-0. ಒಂದು ದಿನ ಮಳೆಯಲ್ಲಿ ನೆನೆದು ನಿಂತಿದ್ದ ಮೂಡಿಗೆರೆ ಕಡೆಯ ಹುಡುಗ ಮೆಲ್ಲಗೆ ಕೇಳಿದ, ‘ಸರ್, ನಾವು ಮುಂದಕ್ಕೆ ಹೋಗೋದು ಯಾವಾಗ?’ ಉಳಿದವರು ತಲೆ ತಗ್ಗಿಸಿ ನಗ್ತಾ ಇದ್ದರು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಇಟಲಿಯ ಕೀಪರ್ ಡೀನೊ ಝೋಫ್ 1982ರಲ್ಲಿ ನಲವತ್ತನೇ ವಯಸ್ಸಿಗೆ ನಾಯಕನಾಗಿ ವಿಶ್ವಕಪ್ ಎತ್ತಿದವರು. 2000ದ ಯುರೋ, ಅಂದರೆ ಯುರೋಪಿನ ದೇಶಗಳ ಟೂರ್ನಿಯ ಫೈನಲ್‌ಗೆ ಅದೇ ಇಟಲಿಯನ್ನು ಕೋಚ್ ಆಗಿ ಕರೆದುಕೊಂಡು ಹೋದರು. 1-0 ಮುಂದಿದ್ದರು. ತೊಂಬತ್ತು ನಿಮಿಷ ಮುಗಿದ ಮೇಲಿನ ಹೆಚ್ಚುವರಿ ನಿಮಿಷಗಳಲ್ಲಿ ಫ್ರಾನ್ಸ್ ಸಮ ಮಾಡಿತು, ಆಮೇಲೆ ಹೆಚ್ಚುವರಿ ಆಟದಲ್ಲಿ ಗೋಲ್ಡನ್ ಗೋಲ್ (ಮೊದಲು ಹೊಡೆದವರೇ ಗೆದ್ದರು ಅನ್ನೋ ಆಗಿನ ನಿಯಮ) ಹೊಡೆದು ಗೆದ್ದಿತು. ಝೋಫ್ ತಂಡ ಬಿಟ್ಟರು. ಅವರನ್ನು ಬೈಯೋಕೆ ನನಗೆ ಮನಸ್ಸು ಬರಲ್ಲ. ಒಂದು ಗೋಲು ಕೈಲಿದ್ದರೆ ಮುಷ್ಟಿ ಬಿಗಿ ಹಿಡಿಯೋದು ನಮ್ಮ ಜಾತಿ ಗುಣ.

ಕೀಪರ್‌ಗೆ ಇರುವ ಲಾಭ ಕಣ್ಣು. ಮೈದಾನ ಪೂರ್ತಿ ಎದುರಿಗೇ ಇರುತ್ತೆ. ಯಾರ ಕಾಲು ಸೋತಿದೆ, ಯಾರು ಸುಮ್ನೆ ಓಡ್ತಾ ಇದ್ದಾರೆ, ಎಲ್ಲ ಕಾಣುತ್ತೆ. ಮಗನಿಗೆ ಈಗಲೇ ಕೂಗಿ ಮಾತಾಡೋ ಅಭ್ಯಾಸ ಮಾಡಿಸಿ. ಕಾಲಿನ ಆಟವೂ ಬೇಕು. ತಂಡದವರು ಬೇಕಂತಲೇ ಕಾಲಲ್ಲಿ ಹಿಂದಕ್ಕೆ ಕೊಟ್ಟ ಚೆಂಡನ್ನು ಕೀಪರ್ ಕೈಯಲ್ಲಿ ಹಿಡಿಯುವಂತಿಲ್ಲ ಅನ್ನೋ ನಿಯಮ 1992ರಲ್ಲೇ ಬಂತು. ನಮ್ಮ ಕಡೆ ಎಷ್ಟೋ ಕೀಪರ್‌ಗಳಿಗೆ ಇವತ್ತಿಗೂ ಆ ಚೆಂಡು ಬಂದರೆ ಕಾಲು ನಡುಗುತ್ತೆ.

ಹದಿನೆಂಟು ತುಂಬಲಿ, ಎಐಎಫ್‌ಎಫ್‌ನ (ಅಖಿಲ ಭಾರತ ಫುಟ್‌ಬಾಲ್ ಫೆಡರೇಶನ್) ಡಿ ಕೋಚಿಂಗ್ ಲೈಸೆನ್ಸ್‌ಗೆ ಹಾಕಿಸಿ, ಆಮೇಲೆ ಅದರ ಮೇಲಿನ ಸಿ. ಕೀಪರ್ ಕೋಚ್‌ಗಳಿಗೆ ಬೇರೆಯದೇ ಲೈಸೆನ್ಸ್ ಇದೆ. ಆದರೆ ಮೊದಲು ಸಾಮಾನ್ಯ ಕೋಚಿಂಗ್ ಕಲಿಯಲಿ ಅನ್ನೋದು ನನ್ನ ಅಭಿಪ್ರಾಯ. ಬರೀ ಕೀಪರ್ ಕೋಚ್ ಆದರೆ ತಂಡಕ್ಕೆ ಒಬ್ಬನೇ ಸಾಕು, ಕೆಲಸ ಸಿಗೋದು ಕಡಿಮೆ.

ಅಂದಹಾಗೆ, ನೀವೂ ಮಲೆನಾಡಿನವರೇ ಆದ್ದರಿಂದ ಗ್ಲೌಸ್ ವಿಷಯ ಹೇಳಿಬಿಡ್ತೀನಿ. ಜುಲೈನಲ್ಲಿ ಒಣಗಲ್ಲ ಅಂತ ನಾನು ಬಚ್ಚಲಿನ ಹಂಡೆ ಒಲೆ ಮೇಲೆ ನೇತು ಹಾಕಿದ್ದೆ. ಬೆಳಿಗ್ಗೆ ನೋಡಿದರೆ ಅಂಗೈಯ ಲ್ಯಾಟೆಕ್ಸ್ ಹಪ್ಪಳದ ಥರ ಬಿರುಕು ಬಿಟ್ಟಿತ್ತು. ಉಗುರುಬೆಚ್ಚಗಿನ ನೀರಲ್ಲಿ ಮಣ್ಣು ಹೋಗೋ ತನಕ ಮೆಲ್ಲಗೆ ಒತ್ತಿ ತೊಳೆಯಿರಿ, ತಿರುಚಿ ಹಿಂಡಬೇಡಿ, ನೆರಳಲ್ಲಿ ಗಾಳಿಗೆ ಬಿಡಿ. ಮಳೆಗಾಲಕ್ಕೆ ಎರಡು ಜೊತೆ ಇರಲಿ.